ಕೆಂಪು ಚೌಕದ ಬಂಗುಡೆ

ಕಂಪ್ಯೂಟರಿನ ಬಗ್ಗೆ ನಾನು ಮೊದಲ ಸಲ ಅಧಿಕಾರವಾಣಿಯಿಂದ ಮಾತಾಡಿದ್ದು ೧೯೯೭ರಲ್ಲಿ, ಹೈಸ್ಕೂಲಿನ ಚರ್ಚಾಸ್ಪರ್ಧೆಯಲ್ಲಿ. ವಿಷಯ, ಕಂಪ್ಯೂಟರ್ ವರವೋ ಶಾಪವೋ. ಮಧ್ಯಾಹ್ನದವರೆಗೆ ವರ ಎಂದು ವಾದಿಸಿದೆ. ಫೈನಲಿಗೆ ಚೀಟಿ ಎತ್ತಿದಾಗ ಶಾಪ ಬಂತು, ಶಾಪ ಎಂದು ವಾದಿಸಿದೆ. ಕಪ್ ಬಂತು. ಆವರೆಗೆ ನಾನು ಕಂಪ್ಯೂಟರನ್ನು ಕಣ್ಣಾರೆ ನೋಡಿರಲಿಲ್ಲ. ತೀರ್ಪುಗಾರರೂ ನೋಡಿರಲಿಲ್ಲ ಎಂಬುದು ಅವರು ಕೇಳಿದ ಪ್ರಶ್ನೆಗಳಿಂದಲೇ ಗೊತ್ತಾಗುತ್ತಿತ್ತು. ಹಾಗಾಗಿ ಯಾರಿಗೂ ಅನ್ಯಾಯವಾಗಲಿಲ್ಲ.

ಮನೆಗೆ ಕಪ್ ತಂದಾಗ ಅಮ್ಮ ಅದನ್ನು ತಿರುಗಿಸಿ ನೋಡಿ, "ಇದ್ರಲ್ಲ್ ಎಂತ ಹಾಕುಕಾತ್ತ್?" ಎಂದು ಕೇಳಿದರು. ಅಪ್ಪನ ಅಕ್ಕ, ನನ್ನ ಅತ್ತೆ, ಪಕ್ಕದಲ್ಲೇ ಕೂತಿದ್ದರು. "ಎಂತ ಹಾಕ್ರೂ ನಿಲ್ಲ ಕಾಣ್, ಬುಡ ತೂತ್ ಇತ್ತ್. ನಿನ್ ಮಗ್ಳ್ ಬಾಯಿ ಹಾಂಗೇ" ಎಂದರು. ನಮ್ಮ ಮನೆಯಲ್ಲಿ ಸನ್ಮಾನ ಸಮಾರಂಭಗಳು ಹೀಗೇ ನಡೆಯುತ್ತಿದ್ದವು.

ಅಮ್ಮ ಮತ್ತು ಅತ್ತೆ ಇಬ್ಬರೂ ಮೀನಿನವರು. ಮೊದಲು ತಲೆಯ ಮೇಲೆ ಮೀನಿನ ಹೆಡಿಗೆ ಹೊತ್ತು ಮನೆಮನೆಗೆ ಹೋಗುತ್ತಿದ್ದರು. ಆಮೇಲೆ ಊರಿನ ಹೆಂಗಸರೆಲ್ಲ ಸೇರಿ ತ್ರಾಸಿಯ ಹತ್ತಿರ ಹೆದ್ದಾರಿಯ ಬದಿಗೆ ಒಂದು ಶೆಡ್ ಮಾಡಿಕೊಂಡರು. ಗಂಗೊಳ್ಳಿಯ ಏಲದಲ್ಲಿ ಹಿಡಿದ ಮೀನು, ಬೈಂದೂರಿನ ಕಡೆಯಿಂದ ಬಂದ ಮೀನು, ಎಲ್ಲವೂ ಬೆಳಗಾಗುವ ಮೊದಲು ಅಲ್ಲಿಗೆ ಬರುತ್ತಿತ್ತು. ಐಸ್ ಹಾಕಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ತುಂಬಿ, ಮೇಲೆ ನಂಬರ್ ಬರೆದು, ತಣ್ಣಗಿನ ಕೋಣೆಯಲ್ಲಿ ಅಟ್ಟಿ ಇಡುವುದು. ಬೆಳಿಗ್ಗೆ ಟೆಂಪೊ ಕುಂದಾಪುರ, ಕೋಟ, ಸಾಸ್ತಾನ ದಾಟಿ ಬ್ರಹ್ಮಾವರದವರೆಗೆ ಹೋಟೆಲುಗಳಿಗೆ ಹಂಚಿ ಬರುತ್ತಿತ್ತು. ಉಳಿದು ಹಳತಾದದ್ದನ್ನು ಮಿಲ್ಲಿನ ಗಾಡಿಗೆ ಹಾಕುತ್ತಿದ್ದರು. ಮಿಲ್ ಅಂದರೆ ಮೀನನ್ನು ಅರೆದು ಕೋಳಿ ತಿನ್ನುವ ಪುಡಿ ಮಾಡುವ ಕಾರ್ಖಾನೆ.

ಯಾವ ಪೆಟ್ಟಿಗೆ ಹೋಟೆಲಿಗೆ, ಯಾವುದು ಮಿಲ್ಲಿಗೆ ಎಂದು ಹೇಳುವ ಕೆಲಸ ಅಮ್ಮನದ್ದು. ಇದಕ್ಕೆ ಯಾವ ಪದವಿಯ ಹೆಸರೂ ಇರಲಿಲ್ಲ, ಆದರೆ ಶೆಡ್ಡಿನಲ್ಲಿ ಕುರ್ಚಿ ಇದ್ದದ್ದು ಅವರೊಬ್ಬರಿಗೆ. ಇಪ್ಪತ್ತು ವರ್ಷ ಹೆಡಿಗೆ ಹೊತ್ತ ಕುತ್ತಿಗೆಯ ನೋವಿಗೆ ಡಾಕ್ಟರು ಇನ್ನು ಭಾರ ಎತ್ತಲೇಬಾರದು ಎಂದಿದ್ದರು. ಅದು ಎಲ್ಲರಿಗೂ ಗೊತ್ತಿತ್ತು. ಆ ಕುರ್ಚಿ ಹೋದರೆ ಪುನಃ ಹೆಡಿಗೆಯೇ ಗತಿ ಎಂಬುದೂ ಗೊತ್ತಿತ್ತು.

ಅಮ್ಮನ ಪರೀಕ್ಷಾ ವಿಧಾನ ಕರಾವಳಿಯಲ್ಲಿ ಯಾರಿಗೂ ಹೊಸತಲ್ಲ. ಮುಚ್ಚಳ ತೆಗೆಯುವುದು, ಒಂದು ಮೀನಿನ ಕಿವಿರು ಎತ್ತಿ ನೋಡುವುದು. ಒಳಗೆ ಕೆಂಪಗೆ ಇದ್ದರೆ ತಾಜಾ, ಕಳಿಸಬಹುದು. ಬಣ್ಣ ಹೋಗಿದ್ದರೆ, ಇಲ್ಲವೇ ಹೊಟ್ಟೆಯ ಹತ್ತಿರ ಹಸಿರುಗಟ್ಟಿದ್ದರೆ ಮಿಲ್ಲಿಗೆ. "ಕೆಮಿ ಎತ್ತಿ ಕಾಣ್", ಕಿವಿರು ಎತ್ತಿ ನೋಡು, ಎನ್ನುವುದು ನಮ್ಮಲ್ಲಿ ಮಕ್ಕಳಿಗೆ ಅಕ್ಷರಮಾಲೆಗಿಂತ ಮೊದಲು ಕಲಿಸುವ ಪಾಠ. ಪೇಟೆಗೆ ಹೋಗಿ ಕೆಂಪು ಕಾಣದ ಬಂಗುಡೆ ತಂದ ಗಂಡಸನ್ನು ಹೆಂಡತಿ ವಾರಗಟ್ಟಲೆ ನೆನಪಿಸಿ ಬೈಯುವ ಊರು ನಮ್ಮದು.

ಇಂಥ ಶೆಡ್ಡಿಗೆ, ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ, ಕಂಪ್ಯೂಟರ್ ಬಂತು. ತರಿಸಿದವರು ಸಲಹೆಗಾರರು. ಹೆಂಗಸರ ಸಂಘಕ್ಕೆ ಒಬ್ಬ ಗಂಡಸು ಸಲಹೆಗಾರ ಇರಬೇಕು ಎಂದು ಯಾರು ಸಲಹೆ ಕೊಟ್ಟರೋ ಗೊತ್ತಿಲ್ಲ, ಬಹುಶಃ ಅವರೇ. ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ಇಲಾಖೆಯ ಯಾವುದೋ ಯೋಜನೆಯಲ್ಲಿ ಕಂಪ್ಯೂಟರ್ ಮಂಜೂರು ಮಾಡಿಸಿ, ಅದಕ್ಕೆ ಪೂಜೆ ಮಾಡಿಸಿ, ಮಾನಿಟರಿಗೆ ಕುಂಕುಮ ಹಚ್ಚಿಸಿದರು. ಆ ಕುಂಕುಮದಲ್ಲಿ ಸ್ವಲ್ಪ ಪರದೆಯ ಮೂಲೆಯಲ್ಲಿ ಅಂಟಿ ಬಹಳ ಕಾಲ ಉಳಿಯಿತು. ಅದು ಸಾಫ್ಟ್‌ವೇರಿನ ಭಾಗವೆಂದೇ ಅತ್ತೆ ತಿಳಿದಿದ್ದರು.

ಸಾಫ್ಟ್‌ವೇರ್ ಮಾಡಿದವರು ಬ್ರಹ್ಮಾವರದಲ್ಲಿ ಒಂದು ಚಪ್ಪಲಿ ಅಂಗಡಿಯ ಮೇಲೆ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ತರುಣ. ನಾನೂ ಒಂದು ರಜೆಯಲ್ಲಿ ಅಲ್ಲಿ ಕಲಿತಿದ್ದೆ. ಕಲಿತದ್ದು ಎಂದರೆ, ಪರದೆಯ ಮೇಲೆ ಮನೆ ಬಿಡಿಸಿ, ಬಣ್ಣದ ಡಬ್ಬಿಯ ಚಿತ್ರ ಒತ್ತಿ ಗೋಡೆಗೆ ಬಣ್ಣ ಸುರಿಯುವುದು. ಗೆರೆಯಲ್ಲಿ ಒಂದು ತೂತು ಬಿಟ್ಟರೆ ಬಣ್ಣ ಹೊರಗೆ ಹರಿದು ಇಡೀ ಆಕಾಶ ಕೆಂಪಾಗುತ್ತಿತ್ತು. ಸರ್ಟಿಫಿಕೇಟಿನಲ್ಲಿ ಮಾತ್ರ ಡಿಪ್ಲೊಮಾ ಎಂದಿತ್ತು. ಆ ತರುಣ ಒಳ್ಳೆಯವರೇ, ಕೆಟ್ಟ ಬುದ್ಧಿ ಇರಲಿಲ್ಲ. ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಮಾತಿಗೊಮ್ಮೆ "ಸಿಂಪಲ್" ಎನ್ನುತ್ತಿದ್ದರು. ಆ ಶಬ್ದ ಕೇಳಿದರೆ ಈಗಲೂ ನನಗೆ ಭಯವಾಗುತ್ತದೆ.

ಶೆಡ್ಡಿಗಾಗಿ ಅವರು ಮಾಡಿದ ಪರದೆ ನಿಜಕ್ಕೂ ಸಿಂಪಲ್ಲಾಗಿತ್ತು. ಒಂದೊಂದು ಪೆಟ್ಟಿಗೆಗೆ ಒಂದೊಂದು ಚೌಕ, ಚೌಕದೊಳಗೆ ಪೆಟ್ಟಿಗೆಯ ನಂಬರು. ಹೊಸದಾಗಿ ಬಂದ ಪೆಟ್ಟಿಗೆಯ ಚೌಕ ಹಸಿರು. ದಿನ ಕಳೆದು ಹಳತಾದರೆ ಚೌಕ ತಾನಾಗಿ ಕೆಂಪಾಗುತ್ತದೆ. ಒಂದು ಅಕ್ಷರವೂ ಇಲ್ಲ. ಹೆಂಗಸರಿಗೆ ಓದುವ ಕಷ್ಟ ಬೇಡ ಎಂದು ಸಲಹೆಗಾರರೇ ಹೇಳಿದ್ದರಂತೆ. ಇನ್ನು ಮೇಲೆ ಪದೇಪದೇ ಮುಚ್ಚಳ ತೆಗೆದು ಐಸ್ ಕರಗಿಸುವ ಅಗತ್ಯವಿಲ್ಲ, ಪರದೆ ನೋಡಿ ಕಳಿಸಿದರಾಯಿತು. ಅದಕ್ಕಾಗಿ ಸಲಹೆಗಾರರು ತಣ್ಣಗಿನ ಕೋಣೆಯ ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಒಂದು ನೋಟೀಸು ಅಂಟಿಸಿದರು: "ಪೆಟ್ಟಿಗೆಗಳ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು."

ಎರಡು ದಿನ ಆ ತರುಣರೇ ಕೂತು ಪೆಟ್ಟಿಗೆಗಳ ನಂಬರು ತುಂಬಿಸಿದರು. ಮೂರನೆಯ ಬೆಳಿಗ್ಗೆ ಅಮ್ಮನನ್ನು ಕೂರಿಸಿ ಕಲಿಸಿದರು. ನಾನು ಆ ದಿನ ಉಡುಪಿಯಲ್ಲಿ ಯಾವುದೋ ಚರ್ಚಾಸ್ಪರ್ಧೆಯಲ್ಲಿ ದೇಶವನ್ನು ಉದ್ಧಾರ ಮಾಡುತ್ತಿದ್ದೆ. ಆದರೆ ಅತ್ತೆ ಆ ದೃಶ್ಯವನ್ನು ಇಬ್ಬರ ದನಿಯಲ್ಲೂ ಎಷ್ಟು ಸಲ ಅಭಿನಯಿಸಿ ತೋರಿಸಿದ್ದಾರೆಂದರೆ, ಎದುರಿಗೇ ಇದ್ದಂತೆ ಬರೆಯಬಲ್ಲೆ.

"ನೋಡಿ ಅಮ್ಮ, ಇದು ತುಂಬ ಸಿಂಪಲ್. ಹಸಿರು ಮತ್ತು ಕೆಂಪು, ಎರಡೇ."

"ಎರಡೇಯಾ?"

"ಎರಡೇ. ಹೇಳಿಕೊಡುವುದೇ ಬೇಡ. ಬಣ್ಣ ನೋಡಿದರೆ ಯಾರಿಗೂ ಗೊತ್ತಾಗುತ್ತದೆ."

"ಹೌದ್, ಗೊತ್ತಾತ್ತ್."

"ಏನಾದರೂ ಸಂಶಯ ಇದೆಯಾ?"

"ಇಲ್ಲೆ, ಮಾಣಿ. ಇದ್ರಲ್ಲ್ ಎಂತ ಸಂಶಯ."

ಇಬ್ಬರೂ ತಲೆಯಾಡಿಸಿದರು. ಇಬ್ಬರಿಗೂ ತಮ್ಮ ತಮ್ಮ ಮಟ್ಟಿಗೆ ಪೂರ್ತಿ ಅರ್ಥವಾಗಿತ್ತು. ಆ ತರುಣ ಚಹಾ ಕುಡಿದು, ಮಾನಿಟರಿಗೆ ಪ್ಲಾಸ್ಟಿಕ್ ಹೊದಿಸುವ ಕ್ರಮ ತೋರಿಸಿ, ಬ್ರಹ್ಮಾವರದ ಬಸ್ಸು ಹತ್ತಿದರು.

ಮರುದಿನ ಅಮ್ಮ ಕನ್ನಡಕ ಒರೆಸಿಕೊಂಡು ಪರದೆಯ ಮುಂದೆ ಕೂತರು. ಹೊರುವ ಹೆಂಗಸರಿಗೆ ನಂಬರು ಕೂಗಿದರು. ಕೆಂಪು ಚೌಕದ ಪೆಟ್ಟಿಗೆಗಳೆಲ್ಲ ಹೋಟೆಲಿನ ಟೆಂಪೊಗೆ, ಹಸಿರು ಚೌಕದವೆಲ್ಲ ಮಿಲ್ಲಿನ ಗಾಡಿಗೆ. ನಡುವೆ ಅತ್ತೆ ಒಂದು ಪೆಟ್ಟಿಗೆ ಹಿಡಿದು ನಿಂತರಂತೆ.

"ಹ್ವಾಯ್, ಇದ್ ಮೊನ್ನಿದ್ದಲ್ದಾ? ನಾನೇ ಮೂಲಿಗಿಟ್ಟದ್ದ್."

"ಕೆಂಪ್ ತೋರ್ಸ್ತಾ ಇತ್ತ್, ಕಾಣ್."

"ತೋರ್ಸ್ಲಿ. ಒಂಚೂರ್ ಮುಚ್ಚಳ ತೆಗಿತೆ."

"ತೆಗುಕಾಗ ಅಂದ್ಕಂಡ್ ಬರ್ದ್ ಅಂಟ್ಸಿರ್ ಅಲ್ದಾ. ಕಂಪ್ಯೂಟರ್ ನಿನ್ಗಿಂತ ಕಡಿಮಿಯಾ? ಹೊರ್, ಸುಮ್ನೆ."

ಜೀವಮಾನವಿಡೀ ದಲ್ಲಾಳಿಯನ್ನು ನಂಬದ, ತಕ್ಕಡಿಯನ್ನು ನಂಬದ, ಸ್ವಂತ ತಂಗಿ ತಂದ ಮೀನನ್ನೂ ಮೂಸಿಯೇ ತೆಗೆದುಕೊಳ್ಳುವ ಹೆಂಗಸು ಒಂದು ಚೌಕವನ್ನು ನಂಬಿದರು. ನಂಬಲು ಕಾರಣವೂ ಇತ್ತು. ಹುಟ್ಟಿದಾಗಿನಿಂದ ಮೀನಿನ ವಿಷಯದಲ್ಲಿ ಕೆಂಪು ಅವರಿಗೆ ಸುಳ್ಳು ಹೇಳಿದ್ದೇ ಇಲ್ಲ.

ಬ್ರಹ್ಮಾವರದ ಹೋಟೆಲಿನ ಯಜಮಾನರ ಫೋನು ಹತ್ತು ಗಂಟೆಯ ಸುಮಾರಿಗೆ ಬಂತು. ಅವರ ದನಿ ರಿಸೀವರಿನಿಂದ ಹೊರಬಂದು ಶೆಡ್ಡಿನ ತಗಡಿಗೆ ತಾಗುತ್ತಿತ್ತಂತೆ. "ಎಂತ ಮಾಲ್ ಕಳ್ಸಿದ್ರಿ ಮಾರಾಯ್ರೆ? ಮುಚ್ಚಳ ತೆಗ್ದದ್ದೇ ಅಡ್ಗಿಯವ ಹೊರಗ್ ಓಡ್ದ. ಇನ್ನೂ ಒಳಗ್ ಬರ್ಲಿಲ್ಲೆ."

"ಒಳ್ಳೆದೇ ಕಳ್ಸಿದ್ದಲೆ," ಅಮ್ಮ ಹೇಳಿದರು. "ಎಲ್ಲಾ ಕೆಂಪೇ. ಒಂದೂ ಹಸ್ರ್ ಹಾಕ್ಲಿಲ್ಲೆ."

 ಯಜಮಾನರು ನಿಧಾನಕ್ಕೆ, ಕಾಯಿಲೆಯವರ ಹತ್ತಿರ ಮಾತಾಡುವವರ ಹಾಗೆ, "ಅಕ್ಕಾ, ನಿಮ್ಗೆ ಹುಷಾರಿದ್ಯಾ?" ಎಂದು ಕೇಳಿದರು.

ಪುಣ್ಯಕ್ಕೆ ಆ ಬಂಗುಡೆಯನ್ನು ಯಾರೂ ತಿನ್ನಲಿಲ್ಲ. ಕೋಟ, ಸಾಸ್ತಾನದ ಹೋಟೆಲಿನವರೂ ಪೆಟ್ಟಿಗೆ ತೆರೆದಲ್ಲೇ ಮುಚ್ಚಿದರು. ಅತ್ತ ಮಿಲ್ಲಿನಲ್ಲಿ ಗಂಗೊಳ್ಳಿಯಿಂದ ಆಗತಾನೇ ಬಂದ ಅಂಜಲ್, ಹೊಳೆಹೊಳೆಯುವ ಬಂಗುಡೆ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪುಡಿಯಾಗಿತ್ತು. ಆ ತಿಂಗಳು ಯಾವುದೋ ಊರಿನ ಫಾರಂ ಕೋಳಿಗಳು ತಿಂದಷ್ಟು ಒಳ್ಳೆಯ ಊಟವನ್ನು ಆ ಕೋಳಿಗಳನ್ನು ತಿಂದವರೂ ತಿಂದಿರಲಿಕ್ಕಿಲ್ಲ.

ಎರಡು ದಿನ ಬಿಟ್ಟು ಸಲಹೆಗಾರರು ಶೆಡ್ಡಿನಲ್ಲಿ ಮೀಟಿಂಗ್ ಕರೆದರು. ಹೆಂಗಸರೆಲ್ಲ ಮಗುಚಿಟ್ಟ ಪೆಟ್ಟಿಗೆಗಳ ಮೇಲೆ ಕೂತಿದ್ದರು. ಸಲಹೆಗಾರರು ಅಮ್ಮನ ಕುರ್ಚಿಯಲ್ಲಿ ಕೂತಿದ್ದರು. ಅದನ್ನು ನಾನು ಒಳಗೆ ಕಾಲಿಟ್ಟ ಕೂಡಲೇ ಗಮನಿಸಿದೆ. ಅಮ್ಮ ಗೋಡೆಗೆ ಒರಗಿ, ಕುತ್ತಿಗೆ ಒಂದು ಬದಿಗೆ ವಾಲಿಸಿ ನಿಂತಿದ್ದರು. ಸಾಫ್ಟ್‌ವೇರಿನ ತರುಣ ಕಂಪ್ಯೂಟರಿನ ಪಕ್ಕ, ಅದಕ್ಕೇನಾದರೂ ಪೆಟ್ಟು ಬಿದ್ದೀತು ಎಂಬಂತೆ ಅಡ್ಡ ನಿಂತಿದ್ದರು.

"ಕಾಣಿ, ನಾ ಯಾರ್ನೂ ದೂರುಕ್ ಬಂದದ್ದಲ್ಲ," ಸಲಹೆಗಾರರು ಶುರುಮಾಡಿದರು. ದೂರಲಿಕ್ಕೆ ಬಂದವರೆಲ್ಲ ಹೀಗೇ ಶುರುಮಾಡುತ್ತಾರೆ. "ನಿಮ್ಗೆ ಮೀನ್ ಗೊತ್ತಿತ್ತ್, ಅದ್ರಲ್ಲಿ ಎರಡ್ ಮಾತಿಲ್ಲೆ. ಆದ್ರೆ ಕಂಪ್ಯೂಟರ್ ಅಂದ್ರೆ ಬೇರೆಯೇ ವಿದ್ಯೆ. ಅದಕ್ಕೆ ಕಲ್ತವ್ರ್ ಬೇಕ್. ನಮ್ ತಂಗಿ ಮಗ ಒಬ್ಬ ಬಿ.ಕಾಂ. ಮಾಡಿ ಮನೆಲಿದ್ದ. ಅವ್ನನ್ನ ಇದ್ರ ಮುಂದೆ ಕೂರ್ಸುವ. ಅಕ್ಕ ಮೊದ್ಲಿನ ಹಾಂಗೆ ಹೊರುಕೆ ತುಂಬುಕೆ ಸೇರ್ಕಣ್ಲಿ. ಯಾರಿಗೂ ಬೇಜಾರಿಲ್ಲೆ ಅಲ್ದಾ?"

ಬೇಜಾರಿದೆಯೋ ಇಲ್ಲವೋ ಎಂದು ಹೇಳಲು ಅವರು ಬಿಟ್ಟ ಸಮಯ ಸಾಲದು. ಆದರೆ ನಾನು ತಯಾರಾಗಿ ಹೋಗಿದ್ದೆ. ವಿಷಯ ಮಂಡನೆ, ಖಂಡನೆ, ಸಮಾರೋಪ, ಮೂರೂ ತಲೆಯಲ್ಲಿ ಸಾಲಾಗಿ ನಿಂತಿದ್ದವು.

"ನಂದೊಂದ್ ಪ್ರಶ್ನೆ ಇತ್ತ್," ಎಂದು ಎದ್ದೆ.

"ಇತ್ತ್ ಅಂದ್ಕಂಡ್ ಗೊತ್ತಿತ್ತ್," ಅತ್ತೆ ಗೊಣಗಿದರು.

ನಾನು ತರುಣರ ಕಡೆ ತಿರುಗಿದೆ. "ಸರ್, ಕೆಂಪು ಅಂದರೆ ಕೆಟ್ಟದ್ದು ಅಂತ ಪರದೆಯಲ್ಲಿ ಎಲ್ಲಿ ಬರೆದಿದೆ?"

"ಬರೆಯಬೇಕಾಗಿಲ್ಲ ಮೇಡಂ. ಅದು ಇಡೀ ಜಗತ್ತಿಗೇ ಗೊತ್ತು. ಕೆಂಪು ಅಂದರೆ ನಿಲ್ಲು, ಹಸಿರು ಅಂದರೆ ಹೋಗು. ನೀವು ಟ್ರಾಫಿಕ್ ಸಿಗ್ನಲ್ ನೋಡಿಲ್ಲವಾ?"

"ತ್ರಾಸಿಯಲ್ಲಿ ಎಲ್ಲಿದೆ ಹೇಳಿ. ಮೀಟಿಂಗ್ ಮುಗಿದ ಮೇಲೆ ಎಲ್ಲರೂ ಹೋಗಿ ನೋಡಿಕೊಂಡು ಬರುತ್ತೇವೆ."

ಹೆಂಗಸರು ನಕ್ಕರು. ತ್ರಾಸಿಯಲ್ಲಿ ವಾಹನ ನಿಲ್ಲಿಸುವ ಏಕೈಕ ವ್ಯವಸ್ಥೆ ಆಗ ದನ. ಅದೂ ಯಾವ ಬಣ್ಣದ್ದಾದರೂ ನಡೆಯುತ್ತಿತ್ತು.

"ಕೆಂಪಂದ್ರೆ ನಿಲ್ಲುದಾ?" ಅತ್ತೆ ಕೇಳಿದರು. "ಹಂಗಾರೆ ಆ ಸರ್ಕಾರಿ ಕೆಂಪ್ ಬಸ್ಸ್ ಒಂದಿನ ನಮ್ ಸ್ಟಾಪಲ್ಲಿ ನಿಲ್ಲುಕಾಗ್ದಾ, ಮಾಣಿ? ಕೈ ಅಡ್ಡ ಹಾಕಿ ಹಾಕಿ ನನ್ ರಟ್ಟೆ ಬಿದ್ದ್ ಹೋಯ್ತ್."

ಈ ವಾದದಲ್ಲಿ ಹುರುಳಿರುವುದು ನನಗೆ ವರ್ಷಗಳು ಕಳೆದಂತೆ ಇನ್ನೂ ಸ್ಪಷ್ಟವಾಗಿದೆ. ಈಗ ಎಲ್ಲರ ಕೈಯಲ್ಲೂ ಫೋನು ಬಂದಿದೆ, ಬೆರಳು ತಾಗಿದಲ್ಲೆಲ್ಲ ಬಣ್ಣ. ಸಂದೇಶ ಬಂದರೆ ಕೆಂಪು ಚುಕ್ಕೆ, ಬ್ಯಾಟರಿ ಮುಗಿದರೂ ಕೆಂಪು, ಕರೆ ಕಡಿಯಲೂ ಕೆಂಪು, ಬಟ್ಟೆಗೆ ರಿಯಾಯಿತಿ ಬಿಟ್ಟರೂ ಕೆಂಪು. ಅಂದರೆ ಒಂದೇ ಬಣ್ಣ ಬಾ ಎನ್ನುತ್ತದೆ, ಹೋಗು ಎನ್ನುತ್ತದೆ, ಸತ್ತೆ ಎನ್ನುತ್ತದೆ, ಕೊಳ್ಳು ಎನ್ನುತ್ತದೆ. ಇಷ್ಟಾದ ಮೇಲೂ ಇದನ್ನೆಲ್ಲ ಮಾಡಿದವರು ಬಣ್ಣ ನೋಡಿದರೆ ಯಾರಿಗೂ ಗೊತ್ತಾಗುತ್ತದೆ ಎಂದು ನಂಬಿದ್ದಾರೆ. ಗೊತ್ತಾಗುವುದಿಲ್ಲ. ಮೊದಲೊಮ್ಮೆ ತಪ್ಪು ಒತ್ತಿ ಬೈಸಿಕೊಂಡು, ಆಮೇಲೆ ಅಭ್ಯಾಸವಾಗುತ್ತದೆ. ಅಭ್ಯಾಸವಾದ ಮೇಲೆ ನಾವು ಅದನ್ನೇ ಪ್ರಕೃತಿ ನಿಯಮ ಎಂದುಕೊಳ್ಳುತ್ತೇವೆ.

ಮೀಟಿಂಗಿಗೆ ಬರೋಣ. ನಾನು ಕಿವಿರಿನ ವಿಷಯ ಎತ್ತಿದೆ. ಮೀನು ಮಾರುವವರ ಶೆಡ್ಡಿನಲ್ಲಿ, ಮೀನಿಗಾಗಿಯೇ ಮಾಡಿದ ಪರದೆಯಲ್ಲಿ, ಕೆಂಪನ್ನು ಕೆಟ್ಟದ್ದಕ್ಕೆ ಇಡುವ ಮೊದಲು ಒಬ್ಬರನ್ನಾದರೂ ಕೇಳಿದಿರಾ ಎಂದೆ. ತರುಣ ಪ್ರಾಮಾಣಿಕವಾಗಿ ಬೆರಗಾದರು. ಅವರ ಮನೆಯಲ್ಲಿ ಮೀನು ಕತ್ತರಿಸಿ, ತೊಳೆದು, ಮಸಾಲೆ ಹಚ್ಚಿದ ಮೇಲೆಯೇ ಅವರ ಕಣ್ಣಿಗೆ ಬೀಳುತ್ತಿತ್ತಂತೆ. ಆ ಹಂತದಲ್ಲಿ ಎಲ್ಲ ಮೀನೂ ಕೆಂಪೇ.

"ಸರಿ, ಬಣ್ಣ ಬಿಡಿ. ಎರಡು ಕನ್ನಡ ಶಬ್ದ ಬರೆಯಲು ಏನಾಗಿತ್ತು?"

ತರುಣ ಸಲಹೆಗಾರರ ಮುಖ ನೋಡಿದರು. ಸಲಹೆಗಾರರು ಗಂಟಲು ಸರಿಮಾಡಿಕೊಂಡರು. "ಅದ್ ನಾನೇ ಬ್ಯಾಡ ಅಂದದ್ದ್. ಪಾಪ, ಇವ್ರಿಗೆಲ್ಲ ಓದುಕೆ ಬರಿಯುಕೆ ಕಷ್ಟ."

ಶೆಡ್ಡು ಒಂದು ಗಳಿಗೆ ತಣ್ಣಗಾಯಿತು. ಪಕ್ಕದ ಕೋಣೆಗಿಂತ ತಣ್ಣಗೆ. ಅಲ್ಲಿದ್ದ ಹೆಂಗಸರಲ್ಲಿ ಹೆಚ್ಚಿನವರು ವಾರಪತ್ರಿಕೆಯ ಧಾರಾವಾಹಿಯನ್ನು ಒಬ್ಬರ ಕೈಯಿಂದ ಒಬ್ಬರು ಕಿತ್ತು ಓದುವವರು. ನಾಯಕಿಗೆ ಅನ್ಯಾಯವಾದ ವಾರ ಏಲದಲ್ಲಿ ದಲ್ಲಾಳಿಗಳಿಗೂ ಅದರ ಬಿಸಿ ತಟ್ಟುತ್ತಿತ್ತು.

ಅತ್ತೆ ಎದ್ದರು. ತಣ್ಣಗಿನ ಕೋಣೆಯ ಬಾಗಿಲ ಹತ್ತಿರ ಹೋಗಿ, ಬೆರಳಿಟ್ಟು, ಶಾಲೆಯ ಮಕ್ಕಳಂತೆ ರಾಗವಾಗಿ ಓದಿದರು. "ಪೆಟ್ಟಿಗೆಗಳ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು." ತಿರುಗಿ ನಿಂತರು. "ಇದ್ ನೀವೇ ಬರ್ದ್ ಅಂಟ್ಸಿದ್ದಲ್ದಾ? ನಮ್ಗೆ ಓದುಕೆ ಬತ್ತಿಲ್ಲೆ ಅಂದ್ರೆ, ಇದನ್ನ ಯಾರ್ ಓದುಕೆ ಅಂಟ್ಸಿದ್ದ್? ಮೀನ್ ಓದುಕಾ?"

ಸಲಹೆಗಾರರ ಕೈ ಜೇಬಿನ ಪೆನ್ನುಗಳ ಕಡೆ ಹೋಯಿತು. ಒಂದನ್ನು ತೆಗೆದು, ನೋಡಿ, ಪುನಃ ಸಿಕ್ಕಿಸಿದರು.

ಇಲ್ಲಿ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಚರ್ಚಾಸ್ಪರ್ಧೆಯಲ್ಲಿ ಪಳಗಿದವರಿಗೆ ಗಂಟೆ ಬಾರಿಸುವವರೆಗೆ ಮಾತು ನಿಲ್ಲುವುದಿಲ್ಲ, ಶೆಡ್ಡಿನಲ್ಲಿ ಗಂಟೆ ಇರಲಿಲ್ಲ. ತರುಣ ಪಾಪ, ಸಂಧಾನಕ್ಕೆ ಬಂದಿದ್ದರು. "ಹಾಗಾದರೆ ಬಣ್ಣ ಅದಲುಬದಲು ಮಾಡಿಬಿಡುತ್ತೇನೆ. ಕೆಂಪು ತಾಜಾ, ಹಸಿರು ಹಳತು. ಸಿಂಪಲ್."

"ಆಗುವುದಿಲ್ಲ," ಎಂದೆ ನಾನು. "ಅಮ್ಮನಿಗೆ ಸರಿಯಾಗುತ್ತದೆ. ನಾಳೆ ಅಮ್ಮನಿಗೆ ಜ್ವರ ಬಂದು, ಪೇಟೆಯಲ್ಲಿ ಸಿಗ್ನಲ್ ನೋಡಿ ಬೆಳೆದವರು ಯಾರಾದರೂ ಕೂತರೆ? ಅವರು ಪುನಃ ಹಳತನ್ನೇ ಬ್ರಹ್ಮಾವರಕ್ಕೆ ಕಳಿಸುತ್ತಾರೆ."

ತರ್ಕ ಸರಿಯಾಗಿತ್ತು. ಎಷ್ಟು ಸರಿಯಾಗಿತ್ತೆಂದರೆ ಸಲಹೆಗಾರರ ಮುಖ ಅರಳಿತು.

"ಹೆಣೆ, ಅದೇ ನಾ ಹೇಳುದ್. ಇವತ್ ಒಬ್ರ್, ನಾಳೆ ಒಬ್ರ್ ಕೂಕಂಡ್ರೆ ಹಿಂಗೇ ಆಪ್ದ್. ಅದ್ಕೇ ಕಾಯಂ ಒಬ್ಬ ಕಲ್ತವ ಬೇಕ್ ಅಂದದ್ದ್. ನೀ ಬುದ್ಧಿವಂತೆ, ನಿಂಗೆ ಗೊತ್ತಾಯ್ತ್."

ನನ್ನ ಖಂಡನೆ ಮುಗಿದಿತ್ತು, ಸಮಾರೋಪ ಮಾತ್ರ ಉಳಿದಿತ್ತು. ಆ ಸಮಾರೋಪವನ್ನು ಎದುರು ಪಕ್ಷದವರು ಆಗಲೇ ಮಾಡಿ ಮುಗಿಸಿದ್ದರು. ಅಮ್ಮ ನನ್ನ ಕಡೆ ನೋಡಿದ ನೋಟದಲ್ಲಿ ಕೋಪ ಇರಲಿಲ್ಲ. ಇವಳನ್ನು ಇಷ್ಟು ಓದಿಸಿದ್ದು ಇದಕ್ಕಾ ಎಂಬ ಸಾಮಾನ್ಯ ಪ್ರಶ್ನೆ ಇತ್ತು. ಅವರು ಕೈಯನ್ನು ನಿಧಾನವಾಗಿ ಕುತ್ತಿಗೆಯ ಹಿಂದೆ ಇಟ್ಟುಕೊಂಡರು.

ಅತ್ತೆ ಇನ್ನೂ ಬಾಗಿಲ ಹತ್ತಿರವೇ ಇದ್ದರು. "ಆಯ್ತ್, ನಿಮ್ ಮಾಣಿ ಬರ್ಲಿ," ಎಂದರು, ಬಹಳ ಮೃದುವಾಗಿ. ಅತ್ತೆಯ ದನಿ ಮೃದುವಾದರೆ ನಮ್ಮ ಮನೆಯಲ್ಲಿ ಮಕ್ಕಳು ಅಂಗಳಕ್ಕೆ ಓಡುತ್ತಿದ್ದೆವು. "ಎಷ್ಟ್ ಹೊತ್ತಿಗ್ ಬತ್ತ ಅವ?"

"ಆಫೀಸ್ ಟೈಮಿಗೆ. ಹತ್ತಕ್ಕೆ ಕೂಕಂಡ್ರೆ ಸಂಜಿ ಐದರವರಿಗೂ ಏಳುದಿಲ್ಲೆ. ಅಷ್ಟ್ ಶಿಸ್ತ್."

ಮೊದಲು ಹಿಂದಿನ ಸಾಲಿನಿಂದ ಒಂದು ನಗು ಬಂತು. ಬಳಿಕ ಎಲ್ಲ ಕಡೆಯಿಂದ. ಒಬ್ಬಾಕೆ ಸೆರಗು ಬಾಯಿಗಿಟ್ಟುಕೊಂಡು ಪೆಟ್ಟಿಗೆಯಿಂದ ಜಾರಿಯೇ ಬಿಟ್ಟಳು.

"ಹತ್ತಕ್ಕಾ?" ಅತ್ತೆ ಹೇಳಿದರು. "ಹತ್ತಕ್ಕೆ ನಮ್ ಬಂಗ್ಡಿ ಬ್ರಹ್ಮಾವರದಲ್ಲಿ ಮಸಾಲಿ ಹಚ್ಕಂಡ್ ಮನಿಕಂಡಿರ್ತ್. ಅವ ಬಂದ್ ಎಂತ ಮಾಡ್ತ? ನಾವ್ ಗುಡ್ಸುಕ್ ಶುರುಮಾಡ್ವತ್ತಿಗೆ ಬತ್ತ, ಒಂದ್ ಹಿಡಿಸೂಡಿ ಕೊಡುವ."

"ಬೆಳಿಗ್ಗೆ ಬೇಗ ಬಪ್ಪುಕೆ ಹೇಳುವ," ಸಲಹೆಗಾರರ ದನಿ ಸಣ್ಣದಾಗಿತ್ತು.

"ನಾಲ್ಕೂವರಿಗೆ ಗಂಗೊಳ್ಳಿ ಮಾಲ್ ಬತ್ತ್. ಅವ್ನ್ ಅಬ್ಬಿ ಆ ಹೊತ್ತಿಗ್ ಏಳ್ಸ್ತಳಾ ಕೇಣಿ."

ಏಳಿಸುವುದಿಲ್ಲ ಎಂದು ಅವರಿಗೆ ಗೊತ್ತಿರಬೇಕು, ತಂಗಿಯಲ್ಲವೇ.  ಎದ್ದು ನಿಂತು, ಅಂಗಿ ಎಳೆದುಕೊಂಡು, ತಮ್ಮ ಮರ್ಯಾದೆ ಉಳಿಯುವಷ್ಟು ಗಟ್ಟಿಯಾಗಿ ಹೇಳಿದರು, "ಆಯ್ತ್. ಅಕ್ಕನೇ ಕೂಕಣ್ಲಿ. ಆದ್ರೆ ಇನ್ನೊಂದ್ ಸಲ ಬ್ರಹ್ಮಾವರದಿಂದ ಫೋನ್ ಬಂತೋ, ನಾ ಬೇರೆ ಜನ ಕಾಣ್ತೆ. ನಾಲ್ಕೂವರಿಗೆ ಬಪ್ಪವ್ರನ್ನೇ ಕಾಣ್ತೆ."

ಅವರು ಹೋದ ಮೇಲೆ ಅಮ್ಮ ಕುರ್ಚಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರು, ಒಣ ಬಟ್ಟೆಯಿಂದ ಪುನಃ ಒರೆಸಿದರು, ಕೂತರು. ತರುಣರನ್ನು ಹತ್ತಿರ ಕರೆದರು.

"ಕಾಣ್ ಮಾಣಿ, ಒಂದ್ ಬದಿಗೆ 'ಹೋಟೆಲಿಗೆ' ಅಂದ್ಕಂ ಬರಿ. ಇನ್ನೊಂದ್ ಬದಿಗೆ 'ಮಿಲ್ಲಿಗೆ' ಅಂದ್ಕಂ ಬರಿ. ಹೊಸ್ತ್ ಹಳ್ತ್ ಎಲ್ಲ ಬ್ಯಾಡ. ಪೆಟ್ಟಿಗಿ ಎಲ್ಲಿಗ್ ಹೋಪ್ದ್ ಅಂದ್ಕಂ ಗೊತ್ತಾರ್ ಸಾಕ್."

"ಕನ್ನಡ ಅಕ್ಷರ ಇದರಲ್ಲಿ ಕೂರಿಸುವುದು ಸ್ವಲ್ಪ ಕಷ್ಟ, ಅಮ್ಮ."

"ಸಿಂಪಲ್ ಅಲ್ದಾ?" ಅತ್ತೆ ಕೇಳಿದರು.

ಆಗ ಕಂಪ್ಯೂಟರಿನಲ್ಲಿ ಕನ್ನಡ ಎಂಬುದು ನಿಜಕ್ಕೂ ಹರಸಾಹಸ. ಮೊದಲ ಪ್ರಯತ್ನದಲ್ಲಿ "ಹೋಟೆಲಿಗೆ" ಎಂಬಲ್ಲಿ ಬರೀ ಖಾಲಿ ಡಬ್ಬಿಗಳು ಬಂದವು. ಅದನ್ನು ನೋಡಿ ಅತ್ತೆ, ಪೆಟ್ಟಿಗೆಯ ಚಿತ್ರ ಚೆನ್ನಾಗಿ ಬಂದಿದೆ ಎಂದರು. ಕೊನೆಗೆ ತರುಣ ಬ್ರಹ್ಮಾವರದಲ್ಲಿ ಲಗ್ನಪತ್ರಿಕೆ ಮಾಡುವ ಅಂಗಡಿಯಲ್ಲಿ ಆ ಎರಡು ಶಬ್ದಗಳನ್ನು ಅಚ್ಚು ಹಾಕಿಸಿ, ಚಿತ್ರದ ಹಾಗೆ ಪರದೆಗೆ ಅಂಟಿಸಿದರು. ಹಾಗಾಗಿ ನಮ್ಮ ಶೆಡ್ಡಿನ "ಮಿಲ್ಲಿಗೆ" ಎಂಬ ಶಬ್ದ, ಮದುವೆಗೆ ಬನ್ನಿ ಎಂದು ಕರೆಯುವ ಅಂಕುಡೊಂಕು ಅಕ್ಷರದಲ್ಲಿ, ಬಹಳ ಆದರದಿಂದ ಕೂತಿತ್ತು. ಪೆಟ್ಟಿಗೆಯ ಚೌಕಗಳು ಎಡಕ್ಕೆ ಹೋಟೆಲಿನವು, ಬಲಕ್ಕೆ ಮಿಲ್ಲಿನವು ಎಂದು ಬೇರೆ ಬೇರೆ ಸಾಲಿನಲ್ಲಿ ನಿಂತವು.

"ಬಣ್ಣ ಯಾವುದು ಹಾಕಲಿ, ಅಮ್ಮ?" ತರುಣ ಬೆರಳು ಕೀಲಿಗಳ ಮೇಲಿಟ್ಟುಕೊಂಡೇ ಕೇಳಿದರು. ಇಡೀ ಜಗತ್ತಿಗೆ ಗೊತ್ತಿದ್ದ ವಿಷಯದಲ್ಲಿ ಅವರಿಗೀಗ ಅನುಮಾನ ಬಂದಿತ್ತು. ಅವರ ಮೇಲೆ ನನಗೆ ಮೊದಲ ಸಲ ಗೌರವ ಹುಟ್ಟಿದ್ದು ಆಗ.

"ನಿಂಗ್ ಚಂದ ಕಂಡದ್ದ್ ಹಾಕ್."

ಅವರು ಎರಡೂ ಸಾಲಿಗೆ ನೀಲಿ ಹಾಕಿದರು. ಜಗಳಕ್ಕೆ ಜಾಗವೇ ಇಲ್ಲದಂಥ ನೀಲಿ.

ಹೊಸ ಪರದೆಯ ಮೊದಲ ಬೆಳಿಗ್ಗೆ ನಾನು ಕಾಲೇಜಿಗೆ ಚಕ್ಕರ್ ಹೊಡೆದು ಶೆಡ್ಡಿನಲ್ಲೇ ಉಳಿದೆ. ತರುಣರೂ ಮೊದಲ ಬಸ್ಸಿಗೇ ಬಂದಿದ್ದರು, ಕಣ್ಣು ಇನ್ನೂ ಸರಿಯಾಗಿ ಬಿಟ್ಟಿರಲಿಲ್ಲ. ಸಲಹೆಗಾರರು ಯಾವತ್ತೂ ಇಲ್ಲದೆ ಏಳು ಗಂಟೆಗೇ ಪ್ರತ್ಯಕ್ಷರಾಗಿ, ತಮಗೇನೂ ಕೆಲಸವಿಲ್ಲ, ಸುಮ್ಮನೆ ಬಂದದ್ದು ಎಂದು ಮೂರು ಜನರಿಗೆ ಹೇಳಿದರು. ಅಮ್ಮ ನಂಬರು ಕೂಗಿದರು. ಟೆಂಪೊ ತುಂಬಿ ಹೊರಟಿತು, ಮಿಲ್ಲಿನ ಗಾಡಿ ಹೊರಟಿತು. ಹೆಂಗಸರು ನೆಲ ತೊಳೆದರು. ಯಾರೂ ಮನೆಗೆ ಹೋಗಲಿಲ್ಲ. ಎಲ್ಲರಿಗೂ ಏನೋ ಒಂದು ಸಣ್ಣ ಕೆಲಸ ಉಳಿದುಬಿಟ್ಟಿತ್ತು, ಎಲ್ಲ ಕೆಲಸಗಳೂ ಫೋನಿನ ಹತ್ತಿರವೇ ಇದ್ದವು.

ಅದು ಹೊಡೆದುಕೊಂಡಾಗ ಅಮ್ಮ ಕೂಡಲೇ ಎತ್ತಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡರು, ಅದು ಒಣಗಿದ್ದರೂ. ರಿಸೀವರ್ ಕಿವಿಗಿಟ್ಟುಕೊಂಡು "ಹಲೋ" ಎಂದರು. ಬ್ರಹ್ಮಾವರದ ಯಜಮಾನರು. ಸಲಹೆಗಾರರು ಒಂದು ಹೆಜ್ಜೆ ಮುಂದೆ ಬಂದರು.

ಅಮ್ಮ ಕೇಳಿಸಿಕೊಂಡರು. "ಹೌದ್," ಎಂದರು. "ಹೌದ್, ನಾನೇ ಕಳ್ಸಿದ್ದ್." ಪುನಃ ಕೇಳಿಸಿಕೊಂಡರು. ಆ ಬಳಿಕ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಕಾಲು ನೀಡಿ, ಗಿರಾಕಿಗಳ ಹತ್ತಿರ ಮಾತಾಡುವ ಅವರ ಮಾಮೂಲಿ ದನಿಯಲ್ಲಿ ಹೇಳಿದರು, "ಅದ್ ನಾಳಿಗೆ ಕಾಂಬ. ನೀವ್ ಬಂಗ್ಡಿ ಬೇಕಂದ್ರಿ, ಬಂಗ್ಡಿ ಕಳ್ಸಿದೆ. ಸಿಗ್ಡಿ ಬೇಕಂದ್ರೆ ನಿನ್ನೆಯೇ ಹೇಳ್ಕಿತ್ತಲೆ, ಮಾರಾಯ್ರೆ."